ಬಾಕಿ ಉಳಿದ ಎರಡು ಕೇಕ್

ವೇಗಾ ದ್ವೀಪ, ಏಪ್ರಿಲ್ 3

ಸುನ್ನಿವಾ,

ಮಧ್ಯಾಹ್ನದ ದೋಣಿಯಲ್ಲಿ ನಿಮ್ಮೂರಿನ ಪತ್ರಿಕೆ ಬಂತು. ಹಳೆಯ ಸಂಚಿಕೆ. ಐದನೆಯ ಪುಟದಲ್ಲಿ ನೀನಿದ್ದೀಯ.

ಸುಟ್ಟ ಮನೆಯ ಗೇಟಿನ ಮುಂದೆ, ಅಗ್ನಿಶಾಮಕ ಬಂಡಿಯ ಮೆಟ್ಟಿಲ ಮೇಲೆ ಕೂತಿದ್ದೀಯ. ಮುಖವೆಲ್ಲ ಮಸಿ, ಕೈಯಲ್ಲಿ ಕಚ್ಚಿದ ವಾಫಲ್, ಬಾಯಿ ಕಿವಿಯಿಂದ ಕಿವಿಗೆ. ಒಂದೇ ಪಾಳಿಯಲ್ಲಿ ಹನ್ನೆರಡು ವರ್ಷ ನಿನ್ನ ಜೊತೆ ಉಂಡವನು ನಾನು. ಇಷ್ಟು ದೊಡ್ಡ ನಗು ನಿನ್ನ ಮುಖದಲ್ಲಿ ಕಂಡಿರಲಿಲ್ಲ. ಮನೆ ಹೋದರೂ ಮುದುಕ ದಂಪತಿಗಳಿಗೆ ಏನೂ ಆಗಲಿಲ್ಲ, ಬೆಕ್ಕು ಕೂಡ ಬದುಕಿತು ಎಂದು ಕೆಳಗೆ ಬರೆದಿದ್ದಾರೆ. ನಗುವುದಕ್ಕೆ ಕಾರಣವಿದೆ.

ಇನ್ನು ನಿಯಮ. ಪತ್ರಿಕೆಯಲ್ಲಿ ಚಿತ್ರ ಬಂದವರು ಪಾಳಿಗೆ ಕೇಕ್ ತರಬೇಕು. ತಲೆಯ ಮೇಲೆ ಹೆಲ್ಮೆಟ್ ಇಲ್ಲದಿದ್ದರೆ ಎರಡು. ನಿನ್ನ ಹೆಲ್ಮೆಟ್ ಚಕ್ರದ ಪಕ್ಕ ಬಿದ್ದಿದೆ, ಭೂತಗನ್ನಡಿ ಹಿಡಿದು ನೋಡಿದ್ದೇನೆ. ನನ್ನ ಜಾಗದಲ್ಲಿ ರೂನಾರ್ ಪಾಳಿಯ ಮುಖ್ಯಸ್ಥನಾಗಿದ್ದಾನೆ ಎಂದು ಈ ವಿಷಯದಲ್ಲಿ ಸಡಿಲ ಬಿಡಬಾರದು.

ಪಕ್ಕದ ಮನೆಯ ಪೆಟ್ರಾಗೆ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದಳು. "ವಾಫಲ್ ಬಿಸಿ ಇತ್ತೇನೋ. ಪಾಪ, ಬಾಯಿ ಸುಟ್ಕೊಂಡಿದಾಳೆ" ಎಂದಳು. ಎಂಬತ್ತರ ಕಣ್ಣು, ಏನು ಮಾಡುವುದು.

ಅರವತ್ತು ತುಂಬಿ ಠಾಣೆಯಿಂದ ಹೊರಬಿದ್ದ ಮೇಲೆ ಇದು ನನ್ನ ಮೊದಲ ವಸಂತ. ಪೆಟ್ರಾ ನನಗೆ ಕೆಲಸ ಕೊಟ್ಟಿದ್ದಾಳೆ. ಸಮುದ್ರದಿಂದ ಐಡರ್ ಬಾತುಗಳು ಮೊಟ್ಟೆಯಿಡಲು ಬರುವ ಮುಂಚೆ ಅವುಗಳಿಗೆ ಕಲ್ಲು ಹಲಗೆ ಸೇರಿಸಿ ಮನೆ ಕಟ್ಟಬೇಕು, ಒಣಗಿದ ಕಡಲಪಾಚಿ ಹಾಸಬೇಕು. ಹಕ್ಕಿ ಎದ್ದು ಹೋದ ಮೇಲೆ ಗೂಡಿನಲ್ಲಿ ಬಿಟ್ಟ ತುಪ್ಪುಳ ನಮ್ಮದು.

ಫೋನ್ ಮಾಡಬೇಡ. ಆಯುಷ್ಯವೆಲ್ಲ ಪಂಪಿನ ಪಕ್ಕ ನಿಂತ ಕಿವಿ ಇದು. ಅರ್ಧ ಕೇಳಿಸಿಕೊಂಡು ಉಳಿದರ್ಧ ನಾನೇ ಕಟ್ಟಿಕೊಳ್ಳುತ್ತೇನೆ. ಕಾಗದ ಬರೆ.

ಟೊರ್ಮೊಡ್

&nbsp;

ಕ್ರಿಸ್ಟಿಯಾನ್‌ಸುಂಡ್, ಏಪ್ರಿಲ್ 19

ಪ್ರಿಯ ಟೊರ್ಮೊಡ್,

ನಿಮ್ಮ ಕಾಗದ ತಲುಪಿತು. ನಾನು ಚೆನ್ನಾಗಿದ್ದೇನೆ.

ಕೇಕ್ ಕೊಟ್ಟಾಯಿತು. ನಿಯಮದಂತೆ ಎರಡು. ಬಾದಾಮಿಯದು, ಮೇಲೆ ಹಳದಿ ಕೆನೆ. ಎಲ್ಲರಿಗೂ ಇಷ್ಟವಾಯಿತು, ರೂನಾರ್ ಮೂರು ತುಂಡು ತಿಂದ. ಚಿತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ನನಗೆ ಮೀಸೆ ಬರೆದಿದ್ದಾರೆ.

ಕೆಲಸ ಎಂದಿನಂತೆ. ವೃದ್ಧಾಶ್ರಮದಲ್ಲಿ ಬ್ರೆಡ್ ಸೀದರೆ ಈಗಲೂ ನಮಗೇ ಗಂಟೆ ಮೊಳಗುತ್ತದೆ. ಆಂಬುಲೆನ್ಸ್ ದೂರವಿದ್ದರೆ ಬಿದ್ದವರನ್ನು ಎತ್ತಲು ನಾವೇ ಹೋಗುತ್ತೇವೆ. ಬೆಂಕಿ ಆರಿಸುವುದಕ್ಕಿಂತ ಜನರನ್ನು ನೆಲದಿಂದ ಎತ್ತುವುದೇ ಹೆಚ್ಚಾಗಿದೆ. ಹವೆ ಒಳ್ಳೆಯದಿದೆ. ಹೊಸ ಏಣಿಬಂಡಿ ಬಂದಿದೆ.

ಬಾತುಗಳಿಗೆ ನನ್ನ ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಚಿಂತೆ ಬೇಡ.

ಸುನ್ನಿವಾ

&nbsp;

ವೇಗಾ ದ್ವೀಪ, ಮೇ 4

ಸುನ್ನಿವಾ,

ಕೇಕಿನ ಸುದ್ದಿ ಓದಿದೆ. ಆ ವಿಷಯ ಅಷ್ಟಕ್ಕೇ ಇರಲಿ.

ಬಾತುಗಳು ಬಂದಿವೆ. ನಾನು ಕಟ್ಟಿದ ಮನೆಗಳಲ್ಲಿ ಒಂದಕ್ಕೆ ಮಾತ್ರ ಒಂದು ಹಕ್ಕಿ ಒಪ್ಪಿಗೆ ಕೊಟ್ಟಿದೆ. ಉಳಿದವೆಲ್ಲ ಪೆಟ್ರಾಳ ಹಳೆಯ ದೋಣಿಯ ಅಡಿಗೇ ಹೋದವು. ಈಗ ನಮ್ಮ ದಡದಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ, ಸುತ್ತಿಗೆ ಹಿಡಿಯುವಂತಿಲ್ಲ, ನಾಯಿ ಬಿಡುವಂತಿಲ್ಲ, ತಂತಿಯ ಮೇಲೆ ಬಟ್ಟೆ ಹರವುವಂತಿಲ್ಲ. ನೋಡಲು ಹೋಗುವವರು ದಿನವೂ ಅದೇ ಅಂಗಿ ತೊಡಬೇಕು. ಹೊಸ ಬಣ್ಣ ಕಂಡರೆ ಹಕ್ಕಿ ಮೊಟ್ಟೆ ಬಿಟ್ಟು ಏಳುತ್ತದೆ. ಒಗೆಯದ ನನ್ನ ಕಂದು ಸ್ವೆಟರ್ ಈಗ ತಾನಾಗಿಯೇ ಎದ್ದು ನಿಲ್ಲುತ್ತದೆ.

ಕಿವುಡನ ಗಂಟಲು ದೊಡ್ಡದು. ಮೊನ್ನೆ ದಡದಲ್ಲಿ ನಿಂತು ಪೆಟ್ರಾಗೆ ಹವೆಯ ಬಗ್ಗೆ ಏನೋ ಹೇಳಿದೆ. ಅವಳು ಓಡಿಬಂದು ನನ್ನ ಬಾಯಿಗೇ ಕೈ ಅಡ್ಡ ಹಿಡಿದಳು. "ಏ ಟೊರ್ಮೊಡ್, ಇಲ್ಲೇನು ಬೆಂಕಿ ಬಿದ್ದಿದೆಯೇನೋ? ನಿನ್ನ ಪಿಸುಮಾತು ಕೇಳಿದ್ರೆ ಮೀನೂ ಎದ್ದು ಓಡುತ್ತೆ!"

ಹಕ್ಕಿ ಸರಿಯಾಗಿದೆಯೋ ಇಲ್ಲವೋ ಎಂದು ಹತ್ತಿರ ಹೋಗಿ ನೋಡಬೇಕೆನಿಸುತ್ತದೆ. ಪೆಟ್ರಾ ಬಿಡುವುದಿಲ್ಲ.

ಠಾಣೆಯ ಮಲಗುವ ಕೋಣೆಯಲ್ಲಿ ಕರೆ ಬಂದಾಗ ಗಂಟೆಗಿಂತ ಮೊದಲು ದೀಪ ಹೊತ್ತಿಕೊಳ್ಳುತ್ತಿತ್ತಲ್ಲ, ಕತ್ತಲಲ್ಲಿ ದೀಪ ಕಂಡರೆ ಈಗಲೂ ಬೆಚ್ಚಿ ಏಳುತ್ತೇನೆ. ಇಲ್ಲಿ ಮೇ ತಿಂಗಳಲ್ಲಿ ಕತ್ತಲೇ ಆಗುವುದಿಲ್ಲವಾದ್ದರಿಂದ ನನಗೆ ಆ ಕಾಟ ತಪ್ಪಿದೆ. ನಿನಗೆ ನಿದ್ದೆ ಬರುತ್ತಿದೆಯೇ?

ಟೊರ್ಮೊಡ್

&nbsp;

ಕ್ರಿಸ್ಟಿಯಾನ್‌ಸುಂಡ್, ಜೂನ್ 12

ಟೊರ್ಮೊಡ್,

ಉತ್ತರ ತಡವಾಯಿತು. ಈ ಕಾಗದವನ್ನು ಹಲವು ಸಲ ಶುರುಮಾಡಿ ಬಿಟ್ಟಿದ್ದೇನೆ.

ಮೇ ಮೊದಲ ವಾರದಿಂದ ನಾನು ಕೆಲಸಕ್ಕೆ ಹೋಗುತ್ತಿಲ್ಲ. ವೈದ್ಯರು ರಜೆ ಬರೆದುಕೊಟ್ಟಿದ್ದಾರೆ. ಕಾಲು ಮುರಿದಿಲ್ಲ, ಹೊಗೆ ಕುಡಿದಿಲ್ಲ. ಕೆಲಸ ನನ್ನನ್ನು ಸವೆಸಿದೆ ಎಂದರು ಆಕೆ. ನಾನು ಒಪ್ಪಲಿಲ್ಲ, ಸವೆಯುವಂಥದ್ದು ಏನಾಗಿದೆ ಎಂದು ಕೇಳಿದೆ. ಹೇಳಲು ನನ್ನ ಬಳಿ ಒಂದೇ ಒಂದು ಭಯಾನಕ ಘಟನೆಯೂ ಇರಲಿಲ್ಲ. ಅದು ನನಗೆ ನಾಚಿಕೆ ತಂದಿತು. ಇದ್ದಿದ್ದರೆ ಸುಲಭವಾಗುತ್ತಿತ್ತು.

ಅಂಗಡಿಯಲ್ಲಿ ಬ್ರೆಡ್ಡಿನ ಮುಂದೆ ನಿಂತು ಯಾವುದನ್ನು ತೆಗೆದುಕೊಳ್ಳಬೇಕೆಂದು ತಿಳಿಯದೆ ಬರಿಗೈಯಲ್ಲಿ ಬಂದಿದ್ದೇನೆ. ಪಾಳಿ ಮುಗಿಸಿ ಬಂದು ಮನೆಯ ಮುಂದೆ ಕಾರಿನಲ್ಲೇ ಕೂತಿರುತ್ತಿದ್ದೆ, ಇಳಿಯುವುದು ದೊಡ್ಡ ಕೆಲಸವೆನಿಸುತ್ತಿತ್ತು. ಒಬ್ಬ ಮುದುಕಿಯನ್ನು ಅದೇ ಸ್ನಾನದ ಕೋಣೆಯ ನೆಲದಿಂದ ಒಂದೇ ತಿಂಗಳಲ್ಲಿ ಮತ್ತೆ ಮತ್ತೆ ಎತ್ತಿದೆವು. ಪ್ರತಿಸಲವೂ ಅವಳು "ಕ್ಷಮಿಸು ಮಗಳೇ, ತೊಂದ್ರೆ ಕೊಟ್ಟೆ" ಎನ್ನುತ್ತಿದ್ದಳು. ಕೊನೆಯ ಸಲ ನನಗೆ ಏನೂ ಅನಿಸಲಿಲ್ಲ. ಮರದ ತುಂಡನ್ನು ಎತ್ತಿದಂತೆ ಎತ್ತಿದೆ. ಹೆದರಿದ್ದು ಆಗ.

ಆ ಚಿತ್ರದಲ್ಲಿ ನಾನು ನಗುತ್ತಿಲ್ಲ.

ಬೆಂಕಿ ಆರಿತ್ತು. ಪಕ್ಕದ ಮನೆಯಾಕೆ ತಟ್ಟೆಯಲ್ಲಿ ವಾಫಲ್ ತಂದಳು, ಮೇಲೆ ಕಂದು ಚೀಸ್ ಇಟ್ಟು, ಅದು ಕರಗಿ ಅಂಚಿನಿಂದ ಇಳಿಯುತ್ತಿತ್ತು. "ತಿನ್ನಮ್ಮ, ನಿಂಗೆ ಹಸಿವಾಗಿರತ್ತೆ" ಎಂದಳು. ಒಂದು ತುಂಡು ಕಚ್ಚಿದೆ. ಅಳು ಬಂತು. ಬಾಯಿ ಮುಚ್ಚಲಾಗಲಿಲ್ಲ, ವಾಫಲ್ ಒಳಗಿತ್ತು. ಆಗ ಪತ್ರಿಕೆಯವನು ಕ್ಯಾಮೆರಾ ಒತ್ತಿದ. ಪಾಳಿಯವರೆಲ್ಲ ಸುತ್ತ ನಿಂತಿದ್ದರು, ಎಲ್ಲರೂ ನೋಡಿದರು. ಒಬ್ಬೊಬ್ಬರಾಗಿ ಪೈಪು ಸುತ್ತಲು ಹೋದರು.

ಕೇಕಿನ ಬಗ್ಗೆ ಬರೆದದ್ದು ಸುಳ್ಳು. ನಾನು ತರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಯಾರೂ ಕೇಳಲಿಲ್ಲ. ನಿಮಗೆ ಗೊತ್ತು, ನಮ್ಮ ಪಾಳಿಯಲ್ಲಿ ಮದುವೆಯ ದಿನ ಮರೆತವರಿದ್ದಾರೆ, ಬಾಕಿ ಕೇಕ್ ಮರೆತವರಿಲ್ಲ. ಚಿತ್ರವನ್ನು ಫ್ರಿಜ್ಜಿಗೆ ಅಂಟಿಸಲಿಲ್ಲ. ಆ ಸಂಚಿಕೆಯೇ ಊಟದ ಮೇಜಿನಿಂದ ಮಾಯವಾಗಿತ್ತು. ಮರುದಿನದಿಂದ ಎಲ್ಲರೂ ನನ್ನೊಂದಿಗೆ ಸಭ್ಯರಾದರು. ರೂನಾರ್ ಉಪ್ಪು ಕೇಳುವಾಗ "ದಯವಿಟ್ಟು" ಎಂದ. ನೀವಿದ್ದಾಗ "ಏ ಆಮೆ, ಉಪ್ಪು ತಳ್ಳು" ಎನ್ನುತ್ತಿದ್ದವನು.

ನನ್ನ ಕತೆ ಮುಗಿಯಿತು ಎಂದು ನನಗೆ ತಿಳಿದದ್ದು ಆ "ದಯವಿಟ್ಟು"ವಿನಿಂದ.

ಆ ಪಾಳಿಗೆ ಮರಳಬಲ್ಲೆನೋ ಇಲ್ಲವೋ ಗೊತ್ತಿಲ್ಲ. ಮರಳದಿದ್ದರೆ ನಾನು ಯಾರು ಎಂಬುದೂ ಗೊತ್ತಿಲ್ಲ. ನಿದ್ದೆ ಬರುವುದಿಲ್ಲ. ನೀವು ಕೇಳಿದ್ದಿರಿ.

ಸುನ್ನಿವಾ

&nbsp;

ವೇಗಾ ದ್ವೀಪ, ಜೂನ್ 20

ಸುನ್ನಿವಾ,

ನಿನ್ನ ಕೇಕ್ ಸುಳ್ಳೆಂದು ಏಪ್ರಿಲ್‌ನಲ್ಲೇ ಗೊತ್ತಿತ್ತು. ಬಾದಾಮಿ ತಿಂದರೆ ರೂನಾರ್‌ನ ಮುಖ ಅಕ್ಕಿ ಗಂಜಿಯ ಪಾತ್ರೆಯಷ್ಟು ಊದುತ್ತದೆ. ಒಂದು ಕ್ರಿಸ್‌ಮಸ್‌ನಲ್ಲಿ ಅವನನ್ನು ಆಸ್ಪತ್ರೆಗೆ ಹೊತ್ತೊಯ್ದದ್ದು ನಾವೇ. ಬಂಡಿ ಓಡಿಸಿದ್ದು ನೀನು. ಅಂಥವನಿಗೆ ಮೂರು ತುಂಡು ತಿನ್ನಿಸಿದೆ. ಸುಳ್ಳು ಹೇಳಿದ್ದಕ್ಕೆ ನಾನು ಹೆದರಲಿಲ್ಲ. ನಿನಗೆ ಅದು ನೆನಪಿರಲಿಲ್ಲವಲ್ಲ, ಅದಕ್ಕೆ ಹೆದರಿದೆ.

ಕೇಳಬೇಕೋ ಬೇಡವೋ ತಿಳಿಯಲಿಲ್ಲ. ಬಾತುಗಳ ಬಗ್ಗೆ ಬರೆದು ಕಳಿಸಿದೆ.

ಈಗ ಮಾಡಬೇಕಾದ್ದು ಸರಳ. ಸಮಸ್ಯೆ ನಿನ್ನದಲ್ಲ, ಆ ಕತ್ತೆಗಳದ್ದು. ರೂನಾರ್‌ಗೆ ಕಾಗದ ಬರೆದಿದ್ದೇನೆ: ಚಿತ್ರವನ್ನು ಫ್ರಿಜ್ಜಿಗೆ ಹಾಕು, ಮೀಸೆ ಬರೆ, ಫೋನ್ ಮಾಡಿ ಕೇಕ್ ಕೇಳು, ಮೊದಲಿನಂತೆ ಬೈ. ನೀನು ಜುಲೈ ಪೂರ್ತಿ ಮಲಗು, ಮೀನು ತಿನ್ನು, ಆಗಸ್ಟ್‌ನಲ್ಲಿ ಪಾಳಿಗೆ ಹೋಗು. ಹೆಲ್ಮೆಟ್ ಹಾಕಿದರೆ ತಲೆ ತಾನಾಗಿ ಸರಿಹೋಗುತ್ತದೆ. ನಮಗೆಲ್ಲ ಹಾಗೇ ಆಗಿದೆ.

ಟೊರ್ಮೊಡ್

&nbsp;

ಕ್ರಿಸ್ಟಿಯಾನ್‌ಸುಂಡ್, ಜುಲೈ 6

ಟೊರ್ಮೊಡ್,

ನಿಮ್ಮನ್ನು ಯಾರು ಕೇಳಿದರು?

ನಿಮಗೆ ಬರೆದದ್ದನ್ನು ನಿಮಗಷ್ಟೇ ಬರೆದಿದ್ದೆ. ನೀವು ಅದನ್ನು ಆಜ್ಞೆಯಾಗಿ ಬದಲಿಸಿ ಠಾಣೆಗೆ ಕಳಿಸಿದಿರಿ. ನೀವೀಗ ನಮ್ಮ ಮುಖ್ಯಸ್ಥರಲ್ಲ. ಹೆಲ್ಮೆಟ್ ಹಾಕಿದರೆ ತಲೆ ಸರಿಹೋಗುತ್ತದೆ ಎಂಬ ಸಾಲನ್ನು ಓದಿ ಕಾಗದವನ್ನು ಒಲೆಗೆ ಹಾಕಿದೆ. ಆಮೇಲೆ ತೆಗೆದೆ. ಒಲೆ ಹೊತ್ತಿಸಿರಲಿಲ್ಲ.

ರೂನಾರ್ ಫೋನ್ ಮಾಡಿದ. ಎದುರಿಗೆ ನಿಮ್ಮ ಕಾಗದ ಇಟ್ಟುಕೊಂಡು ಓದುತ್ತಿದ್ದ, ಅದು ನನಗೆ ಕೇಳಿಸುತ್ತಿತ್ತು.

"ಏ ಆಮೆ. ನಮ್ಮ ಕೇಕ್ ಎಲ್ಲಿ."

ಪ್ರಶ್ನೆಯೂ ಅಲ್ಲ, ಬೈಗುಳವೂ ಅಲ್ಲ. ಚರ್ಚಿನಲ್ಲಿ ಮೊದಲ ಸಲ ಪಾಠ ಒಪ್ಪಿಸುವ ಹುಡುಗನ ದನಿ. ನಾನು ಫೋನ್ ಇಟ್ಟೆ.

ಸಂಜೆ ಅವನೇ ಬಂದ. ಬಾಗಿಲು ತೆರೆಯಲಿಲ್ಲ. ಮೆಟ್ಟಿಲ ಮೇಲೆ ಕೂತು ಬಾಗಿಲಿಗೇ ಮಾತಾಡಿದ.

"ಸುನ್ನಿವಾ, ನಂಗೆ ನಾಟ್ಕ ಆಡಕ್ಕೆ ಬರಲ್ಲ ಮಾರಾಯ್ತಿ. ಮುದುಕ ಬರೆದ, ನಾನು ಓದಿದೆ. ತಪ್ಪಾಯ್ತು."

"ಹೋಗು ರೂನಾರ್."

"ಹೋಗ್ತೀನಿ. ಒಂದು ಹೇಳಿ ಹೋಗ್ತೀನಿ. ಆ ಚಿತ್ರ ಬಚ್ಚಿಟ್ಟಿದ್ದು ನಾನೇ. ನಿನಗೆ ಬೇಜಾರಾಗತ್ತೆ ಅಂತ ಅಲ್ಲ. ಫ್ರಿಜ್ ತೆಗೆದಾಗೆಲ್ಲ ಅದನ್ನ ನೋಡಿದ್ರೆ ನಂಗೂ ಅಳು ಬರ್ತಿತ್ತು. ಹಾಲು ತಗೊಳ್ಳಕ್ಕೆ ಹೋಗಿ ಅಳೋದು ಹೇಗೆ ಹೇಳು. ಉಳಿದವ್ರದ್ದೂ ಅದೇ ಕತೆ, ಯಾರೂ ಬಾಯಿ ಬಿಡ್ಲಿಲ್ಲ ಅಷ್ಟೆ."

ನಾನು ಬಾಗಿಲಿನ ಈಚೆ ನೆಲದ ಮೇಲೆ ಕೂತೆ.

"ರೂನಾರ್, ನಾನು ನಿನಗೆ ಬಾದಾಮಿ ಕೇಕ್ ತಿನ್ನಿಸಿದೆ ಅಂತ ಮುದುಕನಿಗೆ ಬರೆದಿದ್ದೆ."

"ಎಷ್ಟು?"

"ಮೂರು ತುಂಡು."

"ಸತ್ತೇ ಹೋಗ್ತಿದ್ನಲ್ಲೇ, ರಾಕ್ಷಸಿ!"

ಇದು ಅವನದೇ ದನಿ. ಬಾಗಿಲು ತೆರೆದೆ.

ಅಂದರೆ ನಿಮ್ಮ ಉಪಾಯ ಫಲಿಸಿತು ಎಂದಲ್ಲ. ಅದು ಕೆಟ್ಟಿತು, ಕೆಟ್ಟದ್ದರಿಂದಲೇ ಅವನು ಬಂದ. ಇದನ್ನು ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಆಗಸ್ಟ್‌ನಲ್ಲಿ ನಾನು ಪಾಳಿಗೆ ಹೋಗುವುದಿಲ್ಲ.

ಸುನ್ನಿವಾ

&nbsp;

ವೇಗಾ ದ್ವೀಪ, ಜುಲೈ 24

ಸುನ್ನಿವಾ,

ಬೈಗುಳ ತಲುಪಿತು. ಸರಿಯಾಗಿತ್ತು.

ಪೆಟ್ರಾಗೆ ನಿನ್ನ ಕಾಗದದ ಸಾರ ಹೇಳಿದೆ. "ನಿಂಗೆ ಕಿವಿ ಕೇಳಿಸೋದಿಲ್ಲ ಅಂತಲ್ಲ, ನೀನು ಕೇಳಿಸ್ಕೊಳ್ಳೋದಿಲ್ಲ" ಎಂದಳು. ನಾನು "ಏನು?" ಎಂದೆ. ಅವಳು ಅದೇ ಮಾತನ್ನು ಇನ್ನೂ ಜೋರಾಗಿ ಹೇಳಿದಳು. ಬಾತುಗಳು ಗೂಡು ಬಿಟ್ಟು ನೀರಿಗಿಳಿದಿವೆ, ಈಗ ಕೂಗಬಹುದು.

ನಿನಗೆ ಹೇಳದ ಒಂದು ವಿಷಯವಿದೆ. ಕ್ರಿಸ್‌ಮಸ್‌ಗೆ ಮೊದಲೇ ಆಸ್ಪತ್ರೆಯಿಂದ ಕಿವಿಯ ಯಂತ್ರ ಕೊಟ್ಟಿದ್ದರು, ಎರಡೂ ಕಿವಿಗೆ. ಚಮಚಗಳ ಡ್ರಾಯರಿನಲ್ಲಿ ಇಟ್ಟಿದ್ದೆ. ಒಂದು ದಿನ ಹಾಕಿ ನೋಡಿದ್ದೆ. ನಲ್ಲಿ ಬಿಟ್ಟರೆ ಬೆಂಕಿಗೆ ನೀರು ಚಿಮ್ಮಿಸುವ ಪೈಪಿನ ಸದ್ದು, ಒಲೆಯಲ್ಲಿ ಕಟ್ಟಿಗೆ ಸಿಡಿದರೆ ಮಾಡಿನ ತೊಲೆ ಮುರಿಯುವ ಸದ್ದು. ಕೂತಲ್ಲೇ ಬೆವರಿದೆ. ತೆಗೆದಿಟ್ಟೆ. ಮೌನ ಹಿತವಾಗಿತ್ತು. ಕಿವುಡು ಎಂದರೆ ಯಾರೂ ಕಾರಣ ಕೇಳುವುದಿಲ್ಲ.

ಹೆಲ್ಮೆಟ್ ಹಾಕಿದರೆ ತಲೆ ಸರಿಹೋಗುತ್ತದೆ ಎಂದು ಬರೆದವನು ಇವನೇ.

ಕಳೆದ ವಾರ ಪೆಟ್ರಾ ಚಮಚ ಹುಡುಕುತ್ತ ಆ ಡ್ರಾಯರ್ ತೆರೆದಳು. ನನ್ನನ್ನು ದಡಕ್ಕೆ ಕರೆದೊಯ್ದು ಯಂತ್ರಗಳನ್ನು ಕೈಗಿತ್ತಳು. ಹಾಕಿಕೊಂಡೆ. ಗಾಳಿ, ಅಲೆ, ಅವಳ ಬೂಟು. ಆಮೇಲೆ ಹತ್ತಿರದ ಬಂಡೆಯಾಚೆ ಒಂದು ತಾಯಿ ಬಾತು ಮರಿಗಳನ್ನು ನೀರಿನಲ್ಲಿ ನಡೆಸಿಕೊಂಡು ಬಂತು. ಕೊರ್, ಕೊರ್ ಎಂದು ಮೆಲ್ಲಗೆ ಅವಕ್ಕೆ ಏನೋ ಹೇಳುತ್ತಲೇ ಇತ್ತು. ವಸಂತವೆಲ್ಲ ಅವುಗಳ ಪಕ್ಕ ಕೂತಿದ್ದೇನೆ ಸುನ್ನಿವಾ, ಅವು ಮಾತಾಡುತ್ತವೆಂದು ನನಗೆ ಗೊತ್ತಿರಲಿಲ್ಲ.

ಈಗ ದಿನಕ್ಕೆ ಸ್ವಲ್ಪ ಹೊತ್ತು ಹಾಕುತ್ತೇನೆ, ಹೊರಗೆ ಮಾತ್ರ. ನಲ್ಲಿಯ ಹತ್ತಿರ ಇನ್ನೂ ಧೈರ್ಯವಿಲ್ಲ.

ಸಲಹೆ ಏನೂ ಇಲ್ಲ. ತುಪ್ಪುಳ ಒಂದು ಚೀಲ ಆಗಿದೆ, ಚಳಿಗಾಲದಲ್ಲಿ ಕಸ ಆರಿಸುತ್ತೇವೆ. ನೀನು ಏನು ಮಾಡುತ್ತಿದ್ದೀಯ ಎಂದು ಮನಸ್ಸಾದಾಗ ಬರೆ.

ಟೊರ್ಮೊಡ್

&nbsp;

ಕ್ರಿಸ್ಟಿಯಾನ್‌ಸುಂಡ್, ಸೆಪ್ಟೆಂಬರ್ 15

ಪ್ರಿಯ ಟೊರ್ಮೊಡ್,

ಏನು ಮಾಡುತ್ತಿದ್ದೇನೆ ಎಂದು ಹೇಳಿದರೆ ನಗುತ್ತೀರಿ. ನಗಿ, ಈಗ ನಿಮಗೆ ಕೇಳಿಸುತ್ತದೆ ಕೂಡ.

ಆಗಸ್ಟ್ ಕೊನೆಯಲ್ಲಿ ನಮ್ಮ ಕಟ್ಟಡದ ಹೊಗೆ ಹೋಗುವ ಚಿಮಣಿ ಗುಡಿಸಲು ಡಾಗ್ನಿ ಬಂದಳು. ನೆನಪಿರಬೇಕು, ನಮ್ಮ ಠಾಣೆಯ ಕೆಳಮಹಡಿಯ ಚಿಮಣಿ ವಿಭಾಗದವಳು. ಅವರ ಊಟದ ಮೇಜು ಬೇರೆ, ನಾವು ಅವರನ್ನು ಇಲಿಗಳು ಎನ್ನುತ್ತಿದ್ದೆವು. ನಾನೂ ಎನ್ನುತ್ತಿದ್ದೆ. ಅವಳು ನನ್ನನ್ನು ನೋಡಿ, "ಓಹೋ, ಮೇಲ್ಮಹಡಿ ಮಹಾರಾಣಿ! ಖಾಲಿ ಇದ್ದೀಯಾ? ಹಾಗಾದ್ರೆ ಈ ಏಣಿ ಹಿಡ್ಕೋ, ನನ್ನ ಜೊತೆಯವನಿಗೆ ಸೊಂಟ ಹಿಡಿದಿದೆ" ಎಂದಳು.

ಏಣಿ ಹಿಡಿದೆ. ಆಮೇಲೆ ಮಾಡಿಗೆ ಹತ್ತಿದೆ. ಹಗ್ಗದ ತುದಿಗೆ ಕಟ್ಟಿದ ಕಬ್ಬಿಣದ ಗುಂಡು ಚಿಮಣಿಯೊಳಗೆ ಇಳಿಯುವಾಗ ಕೈಗೆ ಅದರ ತೂಕ ತಿಳಿಯುತ್ತದೆ, ಎಲ್ಲಿ ಮಸಿ ಗಟ್ಟಿಯಾಗಿದೆ, ಎಲ್ಲಿ ಇಟ್ಟಿಗೆ ಬಿರಿದಿದೆ ಎಂದೂ ತಿಳಿಯುತ್ತದೆ. ಅಲ್ಲಿಂದ ಬಂದರು ಪೂರ್ತಿ ಕಾಣುತ್ತದೆ. ಹನ್ನೆರಡು ವರ್ಷದಲ್ಲಿ ನೂರಾರು ಮಾಡುಗಳನ್ನು ಹತ್ತಿದ್ದೇನೆ, ಒಮ್ಮೆಯೂ ಸುತ್ತ ನೋಡಿರಲಿಲ್ಲ.

ಮರುದಿನವೂ ಹೋದೆ. ವೈದ್ಯರು ಸುಮ್ಮನೆ ಕೂರುವುದಕ್ಕಿಂತ ಇದು ಮೇಲು ಎಂದರು. ಪ್ರತಿ ಮನೆಯಲ್ಲೂ ಕಾಫಿ. ಡಾಗ್ನಿ ಹೇಳುತ್ತಾಳೆ, "ನೀವು ಬಂದ್ರೆ ಜನ ಅಳ್ತಾರೆ. ನಾನು ಬಂದ್ರೆ ಕಾಫಿ ಇಡ್ತಾರೆ. ಎರಡೂ ಒಂದೇ ಮನೆ, ನಾನು ಸ್ವಲ್ಪ ಮುಂಚೆ ಬರ್ತೀನಿ, ಅಷ್ಟೆ."

ಮೊನ್ನೆ ಒಂದು ಮನೆಯ ಬಾಗಿಲು ತೆರೆದವಳು ಆ ಮುದುಕಿ. ನಾವು ನೆಲದಿಂದ ಎತ್ತುತ್ತಿದ್ದವಳು. ಕೈಗೋಲು ಹಿಡಿದು ನಿಂತಿದ್ದಳು. ನಿಂತದ್ದನ್ನು ನಾನು ನೋಡಿಯೇ ಇರಲಿಲ್ಲ; ನನ್ನ ಭುಜದವರೆಗೆ ಬರುತ್ತಾಳೆ. ನನ್ನ ಗುರುತು ಸಿಗಲಿಲ್ಲ. ಕಾಫಿ ಹಾಕಿಕೊಟ್ಟಳು, ವಾಫಲ್ ಮಾಡಿದಳು, ಕಂದು ಚೀಸ್ ಇಟ್ಟಳು. ತಿಂದೆ. ಕೊನೆಯ ತುಂಡಿನವರೆಗೂ ತಿಂದೆ. ರುಚಿಯಾಗಿತ್ತು ಎನ್ನುವುದನ್ನು ನಿಮಗೆ ಬರೆಯಬೇಕೆನಿಸಿತು. ಹೊರಡುವ ಮುಂಚೆ ಅವಳ ಸ್ನಾನದ ಕೋಣೆಯ ಗೋಡೆಗೆ ಹಿಡಿಕೆ ಬೇಕೆಂದು ನಗರಸಭೆಗೆ ಡಾಗ್ನಿ ಫೋನ್ ಮಾಡಿದಳು. ನಾವು ಅಷ್ಟು ಸಲ ಹೋದರೂ ಯಾರಿಗೂ ಅದು ಹೊಳೆದಿರಲಿಲ್ಲ.

ನಿದ್ದೆ ಬರುತ್ತಿದೆ. ಎಲ್ಲ ರಾತ್ರಿ ಅಲ್ಲ.

ಅಕ್ಟೋಬರ್‌ನಿಂದ ಚಿಮಣಿ ವಿಭಾಗದಲ್ಲಿ ಕಲಿಯುವವಳಾಗಿ ಸೇರಲು ಜಾಗವಿದೆ. ನನ್ನ ವಯಸ್ಸಿನ ಅರ್ಧದವರ ಜೊತೆ ಮೊದಲಿನಿಂದ ಶುರು. ಠಾಣೆ ಅದೇ, ಮಹಡಿ ಕೆಳಗಿನದು. ಮೇಲಿನವರು ಇನ್ನು ನನ್ನನ್ನೂ ಇಲಿ ಎನ್ನುತ್ತಾರೆ. ಎನ್ನಲಿ, ಅದನ್ನೇ ಬಯಸುತ್ತೇನೆ. ಅರ್ಜಿ ಬರೆದಿಟ್ಟಿದ್ದೇನೆ, ಇನ್ನೂ ಕೊಟ್ಟಿಲ್ಲ. ರೂನಾರ್‌ಗೆ ಗೊತ್ತಿಲ್ಲ. ನಾನು ಚಳಿಗಾಲದ ಹೊತ್ತಿಗೆ ಪಾಳಿಗೆ ಬರುತ್ತೇನೆ ಎಂದೇ ಅವನು ನಂಬಿದ್ದಾನೆ. ನನ್ನ ಬೂಟುಗಳಿಗೆ ಎಣ್ಣೆ ಹಚ್ಚಿ ಇಡುತ್ತಾನಂತೆ.

ಅವನನ್ನು ಬಿಟ್ಟುಹೋಗುತ್ತಿದ್ದೇನೆ ಎಂದು ಅವನಿಗೆ ಅನಿಸಬಾರದು. ಅದಕ್ಕಾಗಿ ನಾನೇ ಹೋಗಿ ಹೇಳಬೇಕು.

ನನ್ನ ಅಡುಗೆಮನೆಯಲ್ಲಿ ಈಗ ಎರಡು ಕೇಕ್ ಇವೆ. ಕೆನೆ ಮತ್ತು ಸ್ಟ್ರಾಬೆರಿಯವು. ಬಾದಾಮಿ ಇಲ್ಲ, ಹಿಟ್ಟಿನ ಪೊಟ್ಟಣದ ಮೇಲಿನ ಸಣ್ಣ ಅಕ್ಷರವನ್ನೂ ಓದಿದ್ದೇನೆ. ಗ್ರಂಥಾಲಯಕ್ಕೆ ಹೋಗಿ ಆ ಪತ್ರಿಕೆಯ ಐದನೆಯ ಪುಟದ ಪ್ರತಿ ತೆಗೆಸಿದೆ. ಸರಿಯಾಗಿ ನೋಡಿದರೆ ಪೆಟ್ರಾ ಹೇಳಿದ್ದೇ ಹತ್ತಿರ: ಬಾಯಿ ಸುಟ್ಟುಕೊಂಡವಳ ಹಾಗಿದ್ದೇನೆ. ಮೀಸೆ ನಾನೇ ಬರೆದೆ. ತುದಿ ಮೇಲಕ್ಕೆ ತಿರುವಿದೆ, ನಿಮ್ಮ ಹಳೆಯ ಮೀಸೆಯ ಹಾಗೆ.

ನಾಳೆ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಹೋಗುತ್ತೇನೆ. ಮೊದಲು ಚಿತ್ರವನ್ನು ಫ್ರಿಜ್ಜಿಗೆ ಅಂಟಿಸುತ್ತೇನೆ. ಆಮೇಲೆ ಕೇಕ್ ಕೊಯ್ಯುತ್ತೇನೆ. ಅರ್ಜಿಯ ವಿಷಯವನ್ನು ರೂನಾರ್ ಮೂರನೆಯ ತುಂಡು ಮುಗಿಸಿದ ಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ಅವನಿಗೆ ಗಂಟಲಲ್ಲಿ ಇಳಿಯುವುದಿಲ್ಲ.

ಸುನ್ನಿವಾ